ಆ ಮಾತು ನನ್ನದು, ಮಗಳೇ

ಪೆರ್ಲ, ಕಾಸರಗೋಡು ಜಿಲ್ಲೆ, ಕೇರಳ

ಪ್ರೀತಿಯ ಪುಟ್ಟಿಗೆ ಮಾವನ ಆಶೀರ್ವಾದಗಳು.

ನಿನ್ನ ಕಾಗದ ತಲುಪಿತು. ಮನೆಯ ಸುದ್ದಿಯೆಲ್ಲ ಅಮ್ಮ ಫೋನಿನಲ್ಲಿ ಹೇಳಿರುತ್ತಾಳೆ, ಬಿಡು. ಕೊನೆಗೆ ಒಂದು ಸಾಲು ಬರೆದಿದ್ದೀಯಲ್ಲ, ‘ಬೆಂಗಳೂರಿನಲ್ಲಿ ನಾನು ಕೇರಳದವಳು, ಊರಿಗೆ ಬಂದರೆ ಕನ್ನಡದವಳು, ನಾನು ಓಟು ಹಾಕಿ ಯಾರಿಗೇನು’ ಎಂದು, ಅದನ್ನು ಓದಿದ ಮೇಲೆ ಎರಡು ರಾತ್ರಿ ಸರಿಯಾಗಿ ನಿದ್ದೆಯಿಲ್ಲ. ಆ ಮಾತು ನನ್ನದು, ಮಗಳೇ. ಜಗಲಿಯಲ್ಲಿ ಕೂತು ನಾನೇ ಹೇಳುತ್ತಿದ್ದದ್ದು. ನಿನ್ನ ಕಿವಿಗೆ ಬಿದ್ದು ಉಳಿಯಿತೋ ಏನೋ.

ನಾನು ಮೊದಲ ಓಟು ಹಾಕಿದ್ದು 1967ರಲ್ಲಿ. ಆಗ 21 ತುಂಬಬೇಕಿತ್ತು. ನಮ್ಮ ಮಂಜೇಶ್ವರ ಕ್ಷೇತ್ರದಲ್ಲಿ, ಕಾಸರಗೋಡು ಕನ್ನಡನಾಡಿಗೆ ಸೇರಬೇಕೆನ್ನುತ್ತಿದ್ದ ಕರ್ನಾಟಕ ಸಮಿತಿಯ ಮಹಾಬಲ ಭಂಡಾರಿಯವರು ನಿಂತಿದ್ದರು, ಗೆದ್ದರು. ರಸ್ತೆ, ಸೇತುವೆ ಎಂದು ನಾನೇನೂ ಕೇಳಲಿಲ್ಲ. ಕನ್ನಡಕ್ಕೆ ಓಟು, ಅಷ್ಟೇ. ಅದೇ ವರ್ಷ ಗಡಿ ತಕರಾರು ನೋಡಲು ನೇಮಿಸಿದ್ದ ಮಹಾಜನ ಆಯೋಗದ ವರದಿಯೂ ಬಂತು, ಚಂದ್ರಗಿರಿ ಹೊಳೆಯಿಂದ ಬಡಗಿನ ನೆಲ ಮೈಸೂರು ರಾಜ್ಯಕ್ಕೆ, ಅಂದರೆ ಈಗಿನ ಕರ್ನಾಟಕಕ್ಕೆ, ಸೇರಬೇಕೆಂದು. ಕಾದೆವು, ಕಾದೆವು. ಆಗಲಿಲ್ಲ. ಇನ್ನು ಇಲ್ಲಿ ಓಟು ಹಾಕಿದರೆ, ನಮ್ಮನ್ನು ಕೇರಳಕ್ಕೆ ಸೇರಿಸಿದ 1956ರ ನವೆಂಬರ್ 1ನ್ನು ನಾನೇ ಒಪ್ಪಿಕೊಂಡ ಹಾಗೆ ಎಂದುಕೊಂಡೆ. ಇಪ್ಪತ್ತು ವರ್ಷ ಬೂತಿನ ಕಡೆ ತಲೆ ಹಾಕಲಿಲ್ಲ. ನಿನ್ನ ಅತ್ತೆ ಮಾತ್ರ ಪ್ರತಿ ಸಲ ಹೋಗಿ, ಬೆರಳಿಗೆ ಶಾಯಿ ಹಚ್ಚಿಸಿಕೊಂಡು ಬಂದು, ಒಂದು ಮಾತೂ ಆಡದೆ ಅಡುಗೆಮನೆ ಸೇರುತ್ತಿದ್ದಳು.

ಆಮೇಲೊಮ್ಮೆ ನಮ್ಮ ಕನ್ನಡ ಶಾಲೆಗೆ ಕನ್ನಡವೇ ಬಾರದ ಮಾಸ್ತರರನ್ನು ಹಾಕಿದರು. ಗಣಿತದ ಪಾಠಕ್ಕೆ ಮಕ್ಕಳು ಮುಖ ಮುಖ ನೋಡುತ್ತಾ ಕೂರುತ್ತಿದ್ದರು. ನಾವು ನಾಲ್ಕು ಜನ ಅರ್ಜಿ ಹಿಡಿದು ಒಬ್ಬ ಮುಖಂಡರ ಮನೆಗೆ ಹೋದೆವು. ಅವರು ಚಹಾ ಕೊಟ್ಟು ಮರ್ಯಾದೆಯಿಂದಲೇ ಕೇಳಿದರು: ‘ನಿಮ್ಮಲ್ಲಿ ಓಟಿಗೆ ಬರುವವರು ಎಷ್ಟು ಮಂದಿ?’ ಯಾರಿಗೆ ಹಾಕಿದ್ದೆಂಬುದು ಗುಟ್ಟು, ಬಂದೆವೋ ಇಲ್ಲವೋ ಎಂಬುದು ಗುಟ್ಟಲ್ಲ. ಬೂತಿನ ಏಜೆಂಟರು ಪಟ್ಟಿಯಲ್ಲಿ ಗೀಟು ಹಾಕಿಕೊಂಡಿರುತ್ತಾರೆ. ನಾನು ಲೋಟ ನೋಡುತ್ತಾ ಕೂತೆ. ಆ ವರ್ಷದ ಮಕ್ಕಳು ಹಾಗೆಯೇ ಮೇಲಿನ ಕ್ಲಾಸಿಗೆ ಹೋದರು. ನನ್ನ ಮಗನೂ ಅವರಲ್ಲಿ ಒಬ್ಬ.

‘ಯಾರಿಗೇನು’ ಎಂದೆಯಲ್ಲ. 2016ರಲ್ಲಿ ಮಂಜೇಶ್ವರದ ಸೋಲು ಗೆಲುವು ತೀರ್ಮಾನವಾದದ್ದು 89 ಓಟಿನಲ್ಲಿ. ನಮ್ಮ ಒಂದು ಬೈಲಿನ ಮನೆಗಳಲ್ಲೇ ಅಷ್ಟು ಓಟಿದೆ. 2021ರಲ್ಲಿ ಗೆದ್ದ ಶಾಸಕರು ತಿರುವನಂತಪುರದ ವಿಧಾನಸಭೆಯಲ್ಲಿ ಕನ್ನಡದಲ್ಲೇ ಪ್ರಮಾಣವಚನ ತೆಗೆದುಕೊಂಡರು. ಪಕ್ಷದ ಮಾತು ಬೇರೆ; ಕನ್ನಡದವರು ಬೂತಿಗೆ ಬರುತ್ತಾರೆಂದು ಗೊತ್ತಿದ್ದುದಕ್ಕೇ ಅದೆಂದು ನನ್ನ ಅಂದಾಜು. ಅದನ್ನು ಕೇಳಲು ಅತ್ತೆ ಇರಬೇಕಿತ್ತು.

ನೀನು ಎಲ್ಲಿಯವಳೆಂದು ಮೊದಲು ತೀರ್ಮಾನವಾಗಲಿ, ಆಮೇಲೆ ಓಟು ಎಂದು ಕಾಯಬೇಡ. ನನಗೆ ಎಂಬತ್ತಾಯಿತು, ನನ್ನದೇ ಇನ್ನೂ ತೀರ್ಮಾನವಾಗಿಲ್ಲ.

ಬೆಂಗಳೂರಿನಲ್ಲೇ ನಿಲ್ಲುವುದಾದರೆ ಫಾರಂ 8 ಕೊಟ್ಟು ಹೆಸರನ್ನು ಅಲ್ಲಿಗೆ ಮಾಡಿಸಿಕೋ. ಎರಡು ಕಡೆ ಇರಬಾರದು. ಯಾರೂ ಬೇಡವೆನಿಸಿದರೆ 2013ರಿಂದ ನೋಟಾ ಇದೆಯಲ್ಲ. ಹೀಗೆ ಮಾಡು ಎನ್ನಲು ನನಗೆ ಯಾವ ಬಾಯಿ? ಇಪ್ಪತ್ತು ವರ್ಷ ಮನೆಯಲ್ಲಿ ಕೂತವನು.

ಇಲ್ಲಿಯ ಪಟ್ಟಿಯಲ್ಲಿ ನಿನ್ನ ಹೆಸರು ಇನ್ನೂ ಇದೆ, ನೋಡಿ ಬಂದೆ. ಬರುವುದಾದರೆ ಹಿಂದಿನ ದಿನವೇ ವಿಟ್ಲದ ಮೇಲಿನ ಬಸ್ಸು ಹಿಡಿ. ಅಡ್ಕಸ್ಥಳ ದಾಟುವಾಗ ಒಂದು ಫೋನ್ ಮಾಡು, ನಾನು ಪೆರ್ಲದ ಪೇಟೆಗೆ ಬಂದು ನಿಂತಿರುತ್ತೇನೆ.

ಇತಿ,
ನಿನ್ನ ಮಾವ