ಭಾನುವಾರ ಹೊರಡುವ ಮಗಳಿಗೆ

ಕದ್ರಿ, ಮಂಗಳೂರು
ಗುರುವಾರ ರಾತ್ರಿ

ಪ್ರೀತಿಯ ಪುಟ್ಟಿ,

ಮೊನ್ನೆ ಫೋನಿನಲ್ಲಿ ಯಾರು ಏನು ಹೇಳಿದೆವು ಎಂದು ಮತ್ತೆ ಬರೆಯುವುದಿಲ್ಲ. ಇಬ್ಬರಿಗೂ ನೆನಪುಂಟು. ಪಕ್ಕದಲ್ಲೇ ಕೂತಿದ್ದ ಅಮ್ಮನಿಗಂತೂ ಬಾಯಿಪಾಠವೇ ಆಗಿದೆ. ನನ್ನ ದನಿ ಜೋರಾಯಿತು, ಬೇಸರ ಮಾಡಿಕೊಳ್ಳಬೇಡ. ಆದರೆ ಸಂಬಳವಿಲ್ಲದ ರಜೆ ಹಾಕಿ, ಆರು ತಿಂಗಳು ಋಷಿಕೇಶದ ಹತ್ತಿರ ಯಾವುದೋ ಆಶ್ರಮದಲ್ಲಿ ಜಪ ಮಾಡಲು ಹೋಗುತ್ತೇನೆ ಅಂತ ಟಿಕೆಟ್ ಆದ ಮೇಲೆ ಹೇಳಿದರೆ, ಮೆಲ್ಲಗೆ ಮಾತಾಡುವ ಅಪ್ಪ ಇಡೀ ಜಿಲ್ಲೆಯಲ್ಲಿ ಎಲ್ಲಿದ್ದಾನೆ ಮಾರಾಯ್ತಿ?

ನಿನ್ನ ಒಂದು ಮಾತು ಮಾತ್ರ ನನ್ನನ್ನು ಬಿಡುತ್ತಿಲ್ಲ. "ಅಪ್ಪ, ನಿಮಗೆ ದೇವರು ಅಂದ್ರೆ ರಶೀದಿ. ನನಗೆ ಆ ಕಡೆ ಯಾರೋ ಒಬ್ಬರು ಇದ್ದಾರೆ ಅನ್ನಿಸಬೇಕು."

ರಿಟೈರ್ ಆದ ಮೇಲೆ ದೇವಸ್ಥಾನದ ಸೇವಾ ಕೌಂಟರಿನಲ್ಲಿ ಕೂರುತ್ತೇನೆ, ಹೌದು. ರಶೀದಿ ಬರೆಯುತ್ತೇನೆ, ಅದೂ ಹೌದು. ಆದರೆ ಆ ಕಿಂಡಿಯಿಂದ ಏನು ಕಾಣುತ್ತದೆ ಎಂದು ನೀನು ಕೇಳಲಿಲ್ಲ. ಜನ ಬಂದು "ಒಂದು ರುದ್ರಾಭಿಷೇಕ" ಎಂದು ಜೋರಾಗಿಯೇ ಹೇಳುತ್ತಾರೆ. ಹೆಸರು, ನಕ್ಷತ್ರ ಕೇಳಿದ ಕೂಡಲೇ ದನಿ ಇಳಿಯುತ್ತದೆ. ಮೀನು ಮಾರುವ ಅಕ್ಕ ಒಬ್ಬರಿದ್ದಾರೆ, ಸೋಮವಾರ ವ್ಯಾಪಾರಕ್ಕೆ ಹೋಗದೆ ಇಲ್ಲಿಗೆ ಬರುತ್ತಾರೆ. ಮಗನ ಹೆಸರು ಹೇಳುವಾಗ ಹಣೆ ಕಿಂಡಿಗೆ ತಾಗುವಷ್ಟು ಬಗ್ಗುತ್ತಾರೆ. ನಕ್ಷತ್ರ ಅವರಿಗೆ ಗೊತ್ತಿಲ್ಲ. "ಅದು ದೇವರಿಗೆ ಗೊತ್ತುಂಟು, ನೀವು ಹೆಸರು ಬರೆಯಿರಿ" ಎನ್ನುತ್ತಾರೆ. ಆ ಕಡೆ ಯಾರೋ ಇದ್ದಾರೆ ಎಂದು ಅವರಿಗೆ ಅನ್ನಿಸುತ್ತದೋ ಇಲ್ಲವೋ ಎಂದು ಯಾರೂ ಕೇಳಬೇಕಾಗಿಲ್ಲ. ಮುಖ ನೋಡಿದರೆ ಸಾಕು.

ಇರಲಿ. ನನ್ನ ಹೆದರಿಕೆ ಬೇರೆ. ಹೇಳಿದರೆ ನಗಬೇಡ.

ನಾನು ಸಣ್ಣವನಿದ್ದಾಗ ನಿನ್ನ ಅಜ್ಜಿ ನನ್ನನ್ನು ಕದ್ರಿ ಗುಡ್ಡಕ್ಕೆ ಕರೆದುಕೊಂಡು ಹೋಗುತ್ತಿದ್ದಳು. ಮಂಜುನಾಥ ದೇವಸ್ಥಾನದ ಹಿಂದಿನ ಕೆರೆಗಳನ್ನು ದಾಟಿ, ಮೆಟ್ಟಿಲು ಹತ್ತಿ, ಜೋಗಿ ಮಠದ ಆಚೆ ಪಾಂಡವರ ಗುಹೆ. ಅಲ್ಲಿ ನನ್ನನ್ನು ಕೂರಿಸಿ ಸ್ವಾಮಿ ರಾಮದಾಸರ ಕಥೆ ಹೇಳುತ್ತಿದ್ದಳು. ಅವರ ಮೊದಲಿನ ಹೆಸರು ವಿಠಲ ರಾವ್, 1884ರಲ್ಲಿ ಕೇರಳದ ಕಾಞಂಗಾಡಿನಲ್ಲಿ ಹುಟ್ಟಿದವರು. ಬಟ್ಟೆ ನೇಯ್ಗೆಯ ವಿದ್ಯೆ ಕಲಿತವರು. ಮಂಗಳೂರಿನಲ್ಲಿ ಸಂಸಾರ, ವ್ಯಾಪಾರ, ಕೈತುಂಬ ಕಷ್ಟ. ಮಗನ ಅವಸ್ಥೆ ನೋಡಲಾಗದೆ ಅವರ ಅಪ್ಪನೇ ಒಂದು ಮಂತ್ರ ಕೊಟ್ಟರು: ಶ್ರೀ ರಾಮ ಜಯ ರಾಮ ಜಯ ಜಯ ರಾಮ. ಮಗ ಅದಕ್ಕೆ ಮುಂದೆ ಓಂ ಸೇರಿಸಿಕೊಂಡರು. ಹಗಲೂ ರಾತ್ರಿ ಅದೇ. 1922ರ ಡಿಸೆಂಬರ್‌ನಲ್ಲಿ, ಇನ್ನು ನೀನು ನನಗೆ ತಂಗಿಯ ಹಾಗೆ ಎಂದು ಹೆಂಡತಿಗೆ ಪತ್ರ ಬರೆದಿಟ್ಟು ಮನೆ ಬಿಟ್ಟರು.

ಕಥೆ ಇಲ್ಲಿಗೆ ಬರುವಾಗ ಅಜ್ಜಿಗೆ ಕಣ್ಣು ತುಂಬುತ್ತಿತ್ತು. ನಾನು ಕೇಳಿದೆ, ಅವರಿಗೆ ಮಕ್ಕಳಿರಲಿಲ್ವಾ? ಒಬ್ಬಳು ಮಗಳಿದ್ದಳು ಎಂದಳು.

ಅಲ್ಲಿಗೆ ಆ ಕಥೆ ನನ್ನ ಪಾಲಿಗೆ ಬೇರೆಯೇ ಆಯಿತು. ಬೆಳಿಗ್ಗೆ ಎದ್ದ ಆ ಹುಡುಗಿಗೆ ಯಾರು ಏನು ಹೇಳಿರಬಹುದು? ಅಪ್ಪ ಪೇಟೆಗೆ ಹೋಗಿದ್ದಾರೆ ಎಂದಿರಬಹುದೇ? ಆಮೇಲೆ ರಾಮದಾಸರು ಶ್ರೀರಂಗಕ್ಕೆ ಹೋಗಿ ಕಾವಿ ಉಟ್ಟರು, ತಿರುವಣ್ಣಾಮಲೆಯಲ್ಲಿ ರಮಣ ಮಹರ್ಷಿಗಳನ್ನು ಕಂಡರು, ಉತ್ತರದ ಕಡೆ ಊರೂರು ಸುತ್ತಿದರು. ಅಷ್ಟೆಲ್ಲ ಆಗಿ ತಿರುಗಿ ಮಂಗಳೂರಿಗೇ ಬಂದು ಇದೇ ಗುಹೆಯಲ್ಲಿ ಕೂತರು. ಇದೇ ಊರಿನಲ್ಲಿ! ಗುಡ್ಡ ಇಳಿದರೆ ಪೇಟೆ. ಸಂಸಾರ ಬಿಟ್ಟ ಊರಿಗೇ ಬಂದು ಸಂಸಾರ ಇಲ್ಲದವರಾಗಿ ಕೂರುವುದು ಎಂದರೆ ಎಂತ ಗಟ್ಟಿತನ ಬೇಕು. ಅಜ್ಜಿ ಅದನ್ನೇ ಹೊಗಳುತ್ತಿದ್ದಳು. ನಾನು ಗುಹೆಯ ಬಾಗಿಲಲ್ಲಿ ಕೂತು ಆ ಹುಡುಗಿ ಮೆಟ್ಟಿಲು ಹತ್ತಿ ಬರುವುದನ್ನು ಯೋಚಿಸುತ್ತಿದ್ದೆ.

ನೀನು ಹುಟ್ಟಿದ ಮೇಲೆ ಅವಳ ನೆನಪು ಜಾಸ್ತಿಯಾಯಿತು. ಕೆಲವು ರಾತ್ರಿ ನಿನ್ನ ತೊಟ್ಟಿಲು ತೂಗುವಾಗ ಬಾಯಲ್ಲಿ ಅದೇ ಮಂತ್ರ ಇರುತ್ತಿತ್ತು, ತಲೆಯಲ್ಲಿ ಆ ಹುಡುಗಿ ಇರುತ್ತಿದ್ದಳು. ನಾನು ಎಲ್ಲಿಗೂ ಹೋಗುವವನಲ್ಲ ಎಂದು ನಿನಗೆ ಹೇಳಿಕೊಳ್ಳುತ್ತಿದ್ದೆ. ಈಗ ನೋಡು, ಹೇಳಿ ಹೋಗುವವಳು ನೀನು. ಮನೆಯಲ್ಲಿ ಉಳಿಯುವವನು ನಾನು.

ಅವರು ದೊಡ್ಡವರು, ಅದರಲ್ಲಿ ನನಗೆ ಎರಡು ಮಾತಿಲ್ಲ. 1931ರಲ್ಲಿ ಕಾಞಂಗಾಡಿನಲ್ಲಿ ಆನಂದಾಶ್ರಮ ಆಯಿತು, ಇವತ್ತಿಗೂ ಅಲ್ಲಿ ಅದೇ ನಾಮ ನಡೆಯುತ್ತದೆ. ನೀನು ಕೇಳುವ ಆ 'ಯಾರೋ ಒಬ್ಬರು' ಅವರಿಗೆ ಎಲ್ಲೆಲ್ಲೂ ಸಿಕ್ಕಿದರು. ಊಟ ಹಾಕಿದವನು ರಾಮ, ರೈಲಿನಿಂದ ಇಳಿಸಿದವನೂ ರಾಮ, ಗದರಿಸಿದ ಪೊಲೀಸನೂ ರಾಮ. ನನಗೆ ಕೌಂಟರಿನಲ್ಲಿ ಚಿಲ್ಲರೆಗೆ ಜಗಳ ಮಾಡುವವನು ರಾಮನ ಹಾಗೆ ಕಾಣುವುದಿಲ್ಲ. ಏನು ಮಾಡಲಿ.

ನಿನ್ನ ಅಜ್ಜಿಗೆ ಮಾತ್ರ ರಾಮ ಮನೆಯವನೇ ಆಗಿದ್ದ. ಇದನ್ನು ನೀನು ಗಮನಿಸಿರಲಿಕ್ಕಿಲ್ಲ, ಅವಳು ಹೋಗುವಾಗ ನೀನು ಸಣ್ಣವಳು. ಮಾಲೆಯಲ್ಲಿ 108 ಮಣಿ ಮುಗಿದು ಮೇರು ಮಣಿ ಬಂದಾಗ ಅದನ್ನು ದಾಟಬಾರದು, ಮಾಲೆ ತಿರುಗಿಸಿ ಹಿಂದಕ್ಕೆ ಬರಬೇಕು ಅಲ್ವಾ. ಆ ತಿರುಗಿಸುವ ಹೊತ್ತಿನಲ್ಲಿ ಅವಳು ಮಂತ್ರ ನಿಲ್ಲಿಸಿ ಏನಾದರೊಂದು ಹೇಳುತ್ತಿದ್ದಳು. "ರಾಮಾ, ಹಸು ಮೇವು ಮುಟ್ಟಿಲ್ಲ." "ಇವನ ಇಂಟರ್‌ವ್ಯೂ ನಾಡಿದ್ದು, ಮರೆಯಬೇಡ." ಒಂದು ಸಲ ಅಜ್ಜನಿಗೆ ಬೈದದ್ದೂ ಕೇಳಿದ್ದೇನೆ, ರಾಮನ ಹತ್ತಿರ. ಆಮೇಲೆ ಹೆಬ್ಬೆರಳು, ನಡುಬೆರಳಲ್ಲಿ ಮೊದಲ ಮಣಿ ಹಿಡಿದು ಮತ್ತೆ ಶುರು. ತೋರುಬೆರಳು ಮಾಲೆಗೆ ತಾಗಿದ್ದನ್ನು ನಾನು ಕಾಣಲಿಲ್ಲ. ಜಪದ ನಡುವೆ ಹಾಲು ಉಕ್ಕಿದರೆ ಮಣಿಯನ್ನು ಅಲ್ಲೇ ಬಿಗಿಯಾಗಿ ಹಿಡಿದು ನಮ್ಮನ್ನು ಕೂಗುತ್ತಿದ್ದಳು, ಹಾಲು ಇಳಿಸಿದ ಮೇಲೆ ಅದೇ ಮಣಿಯಿಂದ ಮುಂದೆ. ಆಶ್ರಮ ಇರಲಿಲ್ಲ, ರಜೆ ಇರಲಿಲ್ಲ. ಅಡುಗೆಮನೆಯ ಹೊಸ್ತಿಲ ಹತ್ತಿರ ಒಂದು ಮಣೆ ಇತ್ತು, ಅಷ್ಟೇ.

ನಮ್ಮ ಹರಿದಾಸರೂ ಹೀಗೇ ಅಲ್ವಾ? ದೇವರನ್ನು ಬೈದಿದ್ದಾರೆ, ಕೆಣಕಿದ್ದಾರೆ. ನಿಂದಾಸ್ತುತಿ ಎಂದು ಅದಕ್ಕೊಂದು ಹೆಸರೇ ಉಂಟು. ಪರಿಚಯ ಇಲ್ಲದವರನ್ನು ಹಾಗೆ ಬೈಯಲಿಕ್ಕೆ ಆಗುತ್ತದಾ?

ನಿನ್ನ ತೊಂದರೆ ನನಗೆ ಅರ್ಥವಾಗುವುದಿಲ್ಲ ಎಂದುಕೊಳ್ಳಬೇಡ. ಕೂತರೆ ಮನಸ್ಸು ನಿಲ್ಲುವುದಿಲ್ಲ, ಮಂತ್ರ ಒಣಒಣ ಎನಿಸುತ್ತದೆ, ಯಾರಿಗೆ ಹೇಳುತ್ತಿದ್ದೇನೆ ಎಂದು ಅನುಮಾನ ಬರುತ್ತದೆ. ನನಗೂ ಬರುತ್ತದೆ. ಬ್ಯಾಂಕಿನಲ್ಲಿ ನೋಟು ಎಣಿಸುವಾಗ ಗಮನ ತಪ್ಪಿದರೆ ಇಡೀ ಕಟ್ಟನ್ನು ಮೊದಲಿನಿಂದ ಎಣಿಸಬೇಕಿತ್ತು. ಮಾಲೆಯಲ್ಲಿ ಆ ಶಿಕ್ಷೆ ಇಲ್ಲ. ಮನಸ್ಸು ಹಂಪನಕಟ್ಟೆಗೆ ಹೋಗಿ ಬಂದರೂ ಮುಂದಿನ ಮಣಿ ಕೈಯಲ್ಲೇ ಇರುತ್ತದೆ. ಗೀತೆಯ ಆರನೇ ಅಧ್ಯಾಯದಲ್ಲಿ, ಅದು ಎಲ್ಲೆಲ್ಲಿ ಓಡುತ್ತದೋ ಅಲ್ಲಲ್ಲಿಂದ ಎಳೆದು ತಾ ಎಂದಿದೆ. ಎಷ್ಟು ಸಲ ಎಂದು ಹೇಳಿಲ್ಲ. ಆದರೆ ಪ್ರತಿ ಮಣಿಗೂ 'ಏನಾದರೂ ಅನ್ನಿಸಿತಾ' ಎಂದು ನಿನ್ನನ್ನೇ ನೀನು ಕೇಳಿಕೊಂಡರೆ ಗಮನವೆಲ್ಲ ನಿನ್ನ ಮೇಲೇ ಹೋಗುತ್ತದೆ, ಅವನ ಮೇಲೆ ಎಲ್ಲಿ ಉಳಿಯುತ್ತದೆ?

ಇನ್ನೊಂದು. ಫೋನಿನ ಆ್ಯಪ್‌ನಲ್ಲಿ ಎಣಿಸಬೇಡ, ಮೆಸೇಜು ಬಂದರೆ ರಾಮನೂ ಹೋದ, ಲೆಕ್ಕವೂ ಹೋಯಿತು. ಬಾಯಿಬಿಟ್ಟು ಹೇಳುವ ಜಪಕ್ಕಿಂತ ತುಟಿ ಮಾತ್ರ ಆಡುವ ಉಪಾಂಶು ದೊಡ್ಡದು, ಮನಸ್ಸಿನಲ್ಲೇ ಮಾಡುವುದು ಎಲ್ಲಕ್ಕಿಂತ ದೊಡ್ಡದು ಎಂದು ಮನುಸ್ಮೃತಿಯಲ್ಲಿ ಹತ್ತು, ನೂರು, ಸಾವಿರ ಪಟ್ಟಿನ ಲೆಕ್ಕ ಕೊಟ್ಟಿದ್ದಾರೆ. ಸಾವಿರಕ್ಕೆ ಆಸೆಪಟ್ಟು ಶುರುವಿಗೇ ಮನಸ್ಸಿನಲ್ಲಿ ಮಾಡಲು ಹೋಗಬೇಡ, ನಿದ್ದೆ ಬರುತ್ತದೆ. ರಾಮನ ಈ ಮಂತ್ರಕ್ಕೆ ಓಂ ಬಿಟ್ಟರೆ 13 ಅಕ್ಷರ, 13 ಕೋಟಿ ಜಪ ಆಗಬೇಕು ಎನ್ನುವವರಿದ್ದಾರೆ. ನಾನು ಲೆಕ್ಕ ಹಾಕಿದೆ, ಬ್ಯಾಂಕಿನ ಬುದ್ಧಿ. ದಿನಕ್ಕೆ 10,000 ಮಾಡಿದರೂ 35 ವರ್ಷ ದಾಟುತ್ತದೆ. ನಿನ್ನ ಆರು ತಿಂಗಳಲ್ಲಿ ಮುಗಿಯುವ ಬಾಬತ್ತಲ್ಲ, ಹಾಗಾಗಿ ಊಟ ನಿದ್ದೆ ಬಿಟ್ಟು ಓಡಬೇಡ. ಬಂಗಾಳದ ಚೈತನ್ಯ ಮಹಾಪ್ರಭುಗಳು ಉಡುಪಿಗೆ ಬಂದಿದ್ದರು ಎಂದು ಅವರ ಚರಿತ್ರೆಯಲ್ಲಿ ಉಂಟು. ನಾಮಸ್ಮರಣೆಗೆ ಹೊತ್ತುಗೊತ್ತಿನ ಕಟ್ಟು ಇಲ್ಲ ಎಂದವರು ಅವರೇ. ಬೆಂಗಳೂರಿನ ಬಸ್ಸಿನಲ್ಲಿ ಕೂತು ಮಾಡಿದರೂ ನಡೆಯುತ್ತದೆ ಎಂದರ್ಥ.

ಮತ್ತೆ ಕೇಳು, ಅಲ್ಲಿ ಯಾರಾದರೂ ಮಂತ್ರಕ್ಕೆ ಹಣ ಕೇಳಿದರೆ ಎದ್ದು ಬಾ. ಗುರುಗಳಿಗೆ ಪ್ರಶ್ನೆ ಕೇಳಬಾರದು ಎಂದರೂ ಎದ್ದು ಬಾ. ಒಬ್ಬಳೇ ಬಂದು ಮಾತಾಡು ಎಂದರೆ ಯೋಚಿಸಲೇ ಬೇಡ, ರೈಲು ಹತ್ತು. ಮನೆಯವರ ಹತ್ತಿರ ಮಾತಾಡಿದರೆ ಸಾಧನೆ ಕೆಡುತ್ತದೆ ಎಂದು ಯಾರಾದರೂ ಹೇಳಿದರೆ ಅವರ ಹೆಸರು ನನಗೆ ತಿಳಿಸು.

ಭಾಷಣ ಆಯಿತು. ಅಮ್ಮ ಆಗಲೇ ಹೇಳಿದ್ದಳು, ಎರಡು ಸಾಲು ಬರೆದು ನಿಲ್ಲಿಸಿ ಎಂದು.

ನಿನ್ನ ರೂಮ್‌ಮೇಟ್ ಅಮ್ಮನಿಗೆ ಹೇಳಿದಳಂತೆ, ನೀನು ಬೆಳಿಗ್ಗೆ ಐದಕ್ಕೆ ಎದ್ದು ಬಾಲ್ಕನಿಯಲ್ಲಿ ಬಟ್ಟೆ ಒಣಗಿಸುವ ಸ್ಟ್ಯಾಂಡಿನ ಪಕ್ಕ ಮಾಲೆ ಹಿಡಿದು ಕೂರುತ್ತೀ ಎಂದು. ಎಂಟು ಗಂಟೆಗೆ ಹೊದಿಕೆ ಎಳೆದರೂ ಏಳದವಳು! ಕೌಂಟರಿಗೆ ಬಂದವರಿಗೆಲ್ಲ ನಾನು ಅದನ್ನು ಹೇಳಿಕೊಂಡು ಬಂದಿದ್ದೇನೆ. ಯಾರೂ ಹೇಳಿಕೊಡದೆ ಶುರು ಮಾಡಿದಳು ಎಂದೆ. ಭಟ್ಟರು, ನಿಮ್ಮ ಅಮ್ಮನ ಗುಣ ಬಂದಿದೆ ಎಂದರು. ನನಗೆ ಆ ದಿನ ಊಟ ಸೇರಲಿಲ್ಲ, ಖುಷಿಗೆ. ಈ ಹೋಗುವ ಸುದ್ದಿ ಮಾತ್ರ ಅವರಿಗೆ ಇನ್ನೂ ಹೇಳಿಲ್ಲ.

ಹೋಗು. ಬೇಡ ಎನ್ನುವುದಿಲ್ಲ. ಅಂದರೂ ನೀನು ಕೇಳುವವಳಲ್ಲ.

ಶನಿವಾರ ಕೊರಿಯರ್ ಬರುತ್ತದೆ, ಮನೆಯಲ್ಲೇ ಇರು. ಸ್ವೆಟರ್, ಕಷಾಯದ ಹುಡಿ, ಹಲಸಿನ ಹಪ್ಪಳ ಇದೆ. ಹಪ್ಪಳ ಕರಿಯಲು ಆಶ್ರಮದಲ್ಲಿ ಬಿಡುತ್ತಾರಾ ಎಂದು ನಾನು ಕೇಳಿದ್ದಕ್ಕೆ ಅಮ್ಮ ಉತ್ತರ ಕೊಡಲಿಲ್ಲ. ಅಜ್ಜಿಯ ಮಾಲೆಯನ್ನೂ ಹಾಕುತ್ತೇನೆ ಎಂದಳು, ನಾನು ತೆಗೆದಿಟ್ಟೆ. ಅದು ಬೇಕಾದರೆ ಇಲ್ಲಿಗೆ ಬಂದು ತೆಗೆದುಕೊಂಡು ಹೋಗು.

ಆಶ್ರಮದ ಆಫೀಸಿನ ಫೋನ್ ನಂಬರ್ ಕಳಿಸು, ಮರೆಯಬೇಡ. ನಿನ್ನದು ನನ್ನ ಹತ್ತಿರ ಉಂಟು, ಅದನ್ನು ನೀನು ಎತ್ತುವುದಿಲ್ಲ.

ನಿನ್ನ
ಅಪ್ಪ