ಮಗಳಿಗೊಂದು ಪತ್ರ: ಕೆಂಪು ಶಾಯಿಯ ಬಾಣ

ಪುಟ್ಟಿ,

ಭಾನುವಾರ ಫೋನಿನಲ್ಲಿ, "ನನ್ನ ವಿದ್ಯಾರ್ಥಿಗಳದು ಇನ್ನೂ 140 ಅಸೈನ್‌ಮೆಂಟ್ ತಿದ್ದೋದಿದೆ ಅಮ್ಮಾ, ಪರೀಕ್ಷೆ ಮುಗಿದ ಮೇಲೆ ಎಲ್ಲಾ ಒಟ್ಟಿಗೆ ಕಳಿಸ್ತೀನಿ" ಅಂದೆ. ಒಲೆ ಮೇಲೆ ಹಾಲಿತ್ತು, ಸುಮ್ಮನಾದೆ. ಆದರೆ ಮನಸ್ಸು ಸುಮ್ಮನಾಗಲಿಲ್ಲ.

ನಾನು ಬಿ.ಎ. ಮಾಡಿದ್ದು ಅಂಚೆಯಲ್ಲಿ, ನಿನಗೆ ಗೊತ್ತಲ್ವಾ? ಆಗ ಹನೂರಿನ ಹತ್ತಿರ ಶಾಲೆಯಲ್ಲಿ ಕೆಲಸ. ಪಾಠಗಳು ಬುಕ್‌ಪೋಸ್ಟಿನಲ್ಲಿ ಬರುತ್ತಿದ್ದವು. ರಾತ್ರಿ ಮಕ್ಕಳ ಕಾಪಿ ತಿದ್ದಿ ಮುಗಿಸಿ, ಫುಲ್‌ಸ್ಕೇಪ್ ಹಾಳೆಯಲ್ಲಿ ಉತ್ತರ ಬರೆದು, ಮೂಲೆಗೆ ದಾರ ಕಟ್ಟಿ ರಿಜಿಸ್ಟರ್ ಮಾಡುತ್ತಿದ್ದೆ. ಸಹಿ ಬಿದ್ದ ಅಕ್ನಾಲೆಜ್‌ಮೆಂಟ್ ಕಾರ್ಡ್ ವಾಪಸ್ ಬರುತ್ತಿತ್ತು. ತಲುಪಿದೆ ಅಂತ ಅದರಿಂದ ಗೊತ್ತಾಗುತ್ತಿತ್ತು. ಓದಿದರೋ ಇಲ್ಲವೋ, ದೇವರೇ ಬಲ್ಲ.

1988ರಲ್ಲಿ ಅರ್ಥಶಾಸ್ತ್ರದ ಒಂದು ಅಸೈನ್‌ಮೆಂಟ್. ಬೆಲೆ ಏರಿದರೆ ಬೇಡಿಕೆ ರೇಖೆಯೇ, ಅಂದರೆ ಯಾವ ಬೆಲೆಗೆ ಜನ ಎಷ್ಟು ಕೊಳ್ಳುತ್ತಾರೆ ಅಂತ ತೋರಿಸುವ ಗೆರೆಯೇ, ಎಡಕ್ಕೆ ಸರಿಯುತ್ತದೆ ಅಂತ ಬರೆದೆ. ಸ್ಕೇಲು ಇಟ್ಟು ಎರಡು ರೇಖೆ ಎಳೆದೆ, ನೋಡಲು ಚೆನ್ನಾಗಿಯೇ ಇತ್ತು. ಪರೀಕ್ಷೆಗೂ ಅದೇ ಪ್ರಶ್ನೆ ಬಂತು. ಅದೇ ಎರಡು ರೇಖೆ, ಅದೇ ಧೈರ್ಯ. ಪರೀಕ್ಷೆ ಮುಗಿದು ಮೂರು ವಾರಕ್ಕೆ ನನ್ನ ಹಾಳೆ ವಾಪಸ್ ಬಂತು. ಎರಡನೇ ರೇಖೆಯನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿ, ಮೊದಲನೆಯದರ ಉದ್ದಕ್ಕೂ ಮೇಲ್ಮುಖವಾಗಿ ಒಂದು ಬಾಣ. ಪಕ್ಕದಲ್ಲಿ, "ಬೆಲೆ ಬದಲಾದರೆ ರೇಖೆ ಸರಿಯುವುದಿಲ್ಲ, ನಾವು ರೇಖೆಯ ಮೇಲೆ ಸರಿಯುತ್ತೇವೆ. ಆದಾಯ, ಅಭಿರುಚಿ ಬದಲಾದರೆ ರೇಖೆ ಸರಿಯುತ್ತದೆ." ಎಷ್ಟು ಚೆಂದದ ಮಾತು! ಯಾರೋ ಪುಣ್ಯಾತ್ಮರು ಮನಸ್ಸಿಟ್ಟು ಓದಿದ್ದರು. ಆದರೇನು, ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗಾಯಿತು. ಆ ಪತ್ರಿಕೆಯಲ್ಲಿ ನನಗೆ ಬಂದದ್ದು 38.

ಆಮೇಲೆ ತಂತ್ರಜ್ಞಾನ ಬಂತು. 2004ರ ಸೆಪ್ಟೆಂಬರ್ 20ರಂದು ಇಸ್ರೋ ಎಜುಸ್ಯಾಟ್ ಹಾರಿಸಿತು. ಪಾಠ ಹೇಳುವುದಕ್ಕೆಂದೇ ಒಂದು ಉಪಗ್ರಹ! ಚಾಮರಾಜನಗರ ಜಿಲ್ಲೆಯ ಶಾಲೆಗಳಿಗೂ ಡಿಶ್ ಬಂದವು. ಮೊದಲ ದಿನ ಟೀವಿಯಲ್ಲಿ ಮೇಷ್ಟ್ರು "ಅರ್ಥವಾಯಿತಾ ಮಕ್ಕಳೇ?" ಅಂದಾಗ ನಮ್ಮ ನಾಲ್ಕನೇ ಕ್ಲಾಸಿನ ಹುಡುಗಿಯೊಬ್ಬಳು ಕೈ ಎತ್ತಿ ನಿಂತಳು. ಪಾಠ ಮುಂದೆ ಹೋಯಿತು, ಅವಳ ಕೈ ಇಳಿಯಲಿಲ್ಲ. 36 ಸಾವಿರ ಕಿಲೋಮೀಟರ್ ಮೇಲಿಂದ ಬಂದ ಪಾಠಕ್ಕೆ ಅವಳ ಪ್ರಶ್ನೆ ಹೋಗುವ ದಾರಿ ನಮ್ಮ ಡಿಶ್‌ನಲ್ಲಿರಲಿಲ್ಲ. ನಾನೇ ಪಕ್ಕ ಹೋಗಿ ಕೂತು ಹೇಳಿಕೊಟ್ಟೆ.

ನಿವೃತ್ತಿಯಾದ ಮೇಲೆ ಐಐಟಿಯವರ ಆನ್‌ಲೈನ್ ಪಾಠ ಎನ್‌ಪಿಟಿಇಎಲ್‌ನಲ್ಲಿ 12 ವಾರದ ಕೋರ್ಸ್ ಸೇರಿದೆನಲ್ಲ, ಅಲ್ಲಿ ವಾರವಾರ ಅಸೈನ್‌ಮೆಂಟ್. 12ರಲ್ಲಿ ಚೆನ್ನಾಗಿ ಮಾಡಿದ 8 ಲೆಕ್ಕಕ್ಕೆ, ಅದಕ್ಕೆ 25 ಅಂಕ, ಉಳಿದ 75 ಪರೀಕ್ಷೆಗೆ. ಕೊನೇ ದಿನ ದಾಟಿದರೆ ಸಾಕು, ಸರಿಯುತ್ತರ ಕಾಣಿಸುತ್ತದೆ. ನನಗಂತೂ ಖುಷಿಯಾಯಿತು. ಆದರೆ 'ಬಿ' ಸರಿ ಅಂತ ಹೇಳುವ ಯಂತ್ರಕ್ಕೆ ನಾನು 'ಸಿ' ಯಾಕೆ ಒತ್ತಿದೆ ಅಂತ ಗೊತ್ತಿಲ್ಲ. ಆ ಬಾಣ ಎಳೆದವರಿಗೆ ಗೊತ್ತಿತ್ತು.

140 ಜನಕ್ಕೂ ಉದ್ದುದ್ದ ಬರೆಯಬೇಡ, ಆಗುವ ಮಾತಲ್ಲ. ನಾನು 42 ಮಕ್ಕಳ ಕಾಪಿ ತಿದ್ದುವಾಗ ಕಂಡದ್ದು ಹೇಳ್ತೀನಿ. ತಪ್ಪುಗಳು 42 ಇರುವುದಿಲ್ಲ, ಐದೋ ಆರೋ ಅಷ್ಟೆ. ಒಂದೊಂದಕ್ಕೂ ಎರಡು ನಿಮಿಷದ ವಾಯ್ಸ್ ಮೆಸೇಜ್ ಮಾಡು, ಯಾರಿಗೆ ಯಾವುದು ಬೇಕೋ ಕಳಿಸು. ಅಂಕ ಆಮೇಲೆ ಹಾಕಿದರೂ ನಡೆಯುತ್ತೆ. ತೀರಾ ಬೇರೆ ದಾರಿ ಹಿಡಿದವರು ನಾಲ್ಕೈದು ಜನ ಇರುತ್ತಾರೆ, ಅವರಿಗೆ ಮಾತ್ರ ಫೋನ್ ಮಾಡು. ಹೊಲದಿಂದಲೋ ಅಂಗಡಿಯಿಂದಲೋ ಬಂದು ಓದುವವರು, ರಾತ್ರಿ ಒಂಬತ್ತರ ಮೇಲೆ ಸಿಗ್ತಾರೆ.

ಪರೀಕ್ಷೆಗೆ ಇನ್ನೂ 11 ದಿನ ಇದೆ ಅಂದೆಯಲ್ಲ? ಆ ಹಳೇ ಹಾಳೆಯ ಫೋಟೋ ವಾಟ್ಸಾಪ್ ಮಾಡಿದ್ದೇನೆ, ಬಾಣ ನೋಡು. ನೋಡಿ ಸುಮ್ನೆ ಇರಬೇಡ, ಏನಾದರೂ ಬರಿ. ನೀಲಿ ಟಿಕ್ ಬಂದರೆ ನನಗೆ ಆ ಅಕ್ನಾಲೆಜ್‌ಮೆಂಟ್ ಕಾರ್ಡೇ ನೆನಪಾಗುತ್ತೆ.

ನಿನ್ನ ಅಮ್ಮ