ಗೆಳೆಯನಿಗೊಂದು ಪತ್ರ: ಬೇಲಿಯ ಆಚೆ, ಬೇಲಿಯ ಈಚೆ

ಪ್ರೀತಿಯ ಗೆಳೆಯ,

ನಿನ್ನ ಪತ್ರ ಬಂದು ಹದಿನೈದು ದಿನ ಆಯಿತು. ಮೆಕ್ಕೆಜೋಳದ ರಾಶಿ ಮುಗಿಯುವವರೆಗೆ ಬರೆಯಲು ಕೂರಲಾಗಲಿಲ್ಲ. ನಿನ್ನ ಕಾಲೇಜಿನ ಹುಡುಗ ಮಾದಕ ವಸ್ತುವಿನ ಚಟಕ್ಕೆ ಬಿದ್ದ ವಿಷಯ ಓದಿದ ರಾತ್ರಿ ನಿದ್ದೆ ಬರಲಿಲ್ಲ. ಕೊನೆಗೆ ಒಂದು ಮಾತು ಕೇಳಿದ್ದೀಯ: "ನೀನು ಅಷ್ಟು ವರ್ಷ ಪಂಜಾಬಿನ ಗಡಿ ಕಾದವನು. ಗಡಿಗೆ ಸರ್ಕಾರ ಇಷ್ಟು ದುಡ್ಡು ಹಾಕುತ್ತದಲ್ಲ, ಆದರೂ ಈ ಮಾಲು ಹೇಗೆ ಒಳಗೆ ಬರುತ್ತದೆ?"

ಆ ಹುಡುಗನ ಕೈಗೆ ಸಿಕ್ಕಿದ್ದು ಯಾವ ದಾರಿಯಲ್ಲಿ ಬಂತೋ ನಾನು ಹೇಳಲಾರೆ. ಗಾಂಜಾ, ಮಾತ್ರೆ, ಪುಡಿ, ಒಂದೊಂದಕ್ಕೂ ಒಂದೊಂದು ದಾರಿ. ನಾನು ಹತ್ತಿರದಿಂದ ಕಂಡಿದ್ದು ಹೆರಾಯಿನ್ ಒಂದನ್ನೇ. ಪಂಜಾಬಿನಲ್ಲಿ ಅದಕ್ಕೆ 'ಚಿಟ್ಟಾ' ಅಂತಾರೆ, ಅಂದರೆ ಬಿಳಿ.

ನಾನು ಹೋದ ಹೊಸದರಲ್ಲಿ ಬೇಲಿಯೇ ಎಲ್ಲ ಅಂದುಕೊಂಡಿದ್ದೆ. ಪಂಜಾಬಿನ ಗಡಿ 553 ಕಿಲೋಮೀಟರ್. ಭಯೋತ್ಪಾದನೆಯ ಕಾಲದಲ್ಲಿ ಹಾಕಿದ ತಂತಿ ಬೇಲಿ, ಮೇಲೆ ಫ್ಲಡ್‌ಲೈಟ್. ರಾತ್ರಿ ದೂರದಿಂದ ನೋಡಿದರೆ ನಮ್ಮೂರ ಜಾತ್ರೆಯ ಸರದೀಪದ ಹಾಗೆ ಕಾಣುತ್ತದೆ. ಆದರೆ ಆ ಬೇಲಿಗೂ ಉಪಾಯ ಹುಡುಕಿದ್ದರು. ತಂತಿಯ ಸಂದಿಗೆ ಪಿವಿಸಿ ಪೈಪ್ ತೂರಿಸಿ, ಅದರೊಳಗೆ ಪೊಟ್ಟಣ ಒಂದೊಂದಾಗಿ ಈಚೆಗೆ ತಳ್ಳುತ್ತಿದ್ದರು. ಸಟ್ಲೆಜ್ ನದಿ ಇರುವ ಕಡೆ ನೀರಿನಲ್ಲಿ ತೇಲಿ ಬಿಡುತ್ತಿದ್ದರು. ಜನವರಿಯ ಮಂಜಿನಲ್ಲಿ ನಮ್ಮ ಕೈಯೇ ನಮಗೆ ಕಾಣದು. ಅಂಥ ರಾತ್ರಿ ನಾಕಾದಲ್ಲಿ, ಅಂದರೆ ಹೊಂಚು ಹಾಕಿ ಕಾಯುವ ಜಾಗದಲ್ಲಿ, ಕೂತವನಿಗೆ ಕಿವಿಯೇ ಕಣ್ಣು.

2019ರ ಹೊತ್ತಿಗೆ ಡ್ರೋನ್ ಶುರುವಾಯಿತು. ಮೊದಲು ದೊಡ್ಡವು ಬರುತ್ತಿದ್ದವು, ಸದ್ದು ಕೇಳುತ್ತಿತ್ತು. ಆಮೇಲೆ ಅಂಗೈ ಮೇಲೆ ಕೂರುವಂಥ ಚೀನಾ ಡ್ರೋನ್‌ಗಳು ಬಂದವು. ಕೆಳಗೆ ಅರ್ಧ ಕಿಲೋದಷ್ಟು ಪೊಟ್ಟಣ, ಹಳದಿ ಟೇಪು ಸುತ್ತಿರುತ್ತದೆ, ನೇತುಹಾಕಲು ಒಂದು ಲೋಹದ ಉಂಗುರ. ಕತ್ತಲಲ್ಲಿ ಹೊಲಕ್ಕೆ ಬಿದ್ದದ್ದು ಈಚೆಯವನಿಗೆ ಸಿಗಲಿ ಅಂತ ಹೊಳೆಯುವ ಪಟ್ಟಿ. ಪಂಜಾಬ್ ಗಡಿಯಲ್ಲಿ ನಮ್ಮ ಬಿಎಸ್‌ಎಫ್, ಅಂದರೆ ಗಡಿ ಭದ್ರತಾ ಪಡೆ, 2023ರಲ್ಲಿ ಹಿಡಿದ ಡ್ರೋನ್ 107. 2024ರಲ್ಲಿ 294. ಅವುಗಳನ್ನು ತಡೆಯುವ ಯಂತ್ರಗಳಿಗೆ ಈಗ ದುಡ್ಡು ಹೋಗುತ್ತಿದೆ. ಹೋಗಲೇಬೇಕು. ಆಕಾಶಕ್ಕೆ ರೈಫಲ್ ಎತ್ತಿ, ಸದ್ದು ಬಂದ ಕಡೆ ಗುಂಡು ಹಾರಿಸಿದವನು ನಾನು. ಆ ಯಂತ್ರದ ಬೆಲೆ ನನಗೆ ಗೊತ್ತು.

ಹಾಗಾಗಿ ಗಡಿಗೆ ಹಾಕಿದ ದುಡ್ಡು ದಂಡ ಅಂತ ನಾನು ಯಾವತ್ತೂ ಹೇಳುವುದಿಲ್ಲ. ಬೇಲಿ, ರಸ್ತೆ, ಲೈಟು, ಚೌಕಿಗಳಿಗೆ ಅಂತ 2021-22ರಿಂದ 2025-26ರವರೆಗೆ 13,020 ಕೋಟಿ ರೂಪಾಯಿಗೆ ಕೇಂದ್ರ ಒಪ್ಪಿಗೆ ಕೊಟ್ಟಿತ್ತು. 2025-26ರ ಬಜೆಟ್ಟಿನಲ್ಲಿ ಬಿಎಸ್‌ಎಫ್ ಒಂದಕ್ಕೇ 28 ಸಾವಿರ ಕೋಟಿಗೂ ಜಾಸ್ತಿ. ದೊಡ್ಡ ಮೊತ್ತವೇ. ಆದರೆ ಅದರಲ್ಲಿ ಬಹುಪಾಲು ಸಂಬಳ, ಊಟ, ಬಟ್ಟೆ, ಗಾಡಿ. ಪಾಕಿಸ್ತಾನದ ಕಡೆ ಮಾತ್ರ ಅಲ್ಲ, ಬಾಂಗ್ಲಾದೇಶದ ಕಡೆ 4,096 ಕಿಲೋಮೀಟರ್ ಗಡಿಯೂ ಇದೆ, ಅಲ್ವಾ.

ನನ್ನ ಮನಸ್ಸು ಕೊರೆಯುವುದು ಬೇರೆ ವಿಷಯ. 2019ರ ಜೂನ್ ಕೊನೆಯಲ್ಲಿ ಪಂಜಾಬ್ ಗಡಿಯ ಅಟಾರಿಯಲ್ಲಿ ಸರಕು ಬರುವ ಚೆಕ್‌ಪೋಸ್ಟಿಗೆ ಪಾಕಿಸ್ತಾನದಿಂದ ಉಪ್ಪಿನ ಲಾರಿ ಬಂತು. ಸೈಂಧವ ಲವಣ, ನಿಮ್ಮ ಅವ್ವ ಏಕಾದಶಿ ದಿನ ಅಡುಗೆಗೆ ಹಾಕುತ್ತಿದ್ದಳಲ್ಲ, ಅದೇ. 600 ಮೂಟೆ. ಕಸ್ಟಮ್ಸ್‌ನವರು ಮೂಟೆ ಬಿಚ್ಚಿ ನೋಡಿದಾಗ 15ರಲ್ಲಿ ಹೆರಾಯಿನ್ ಇತ್ತು, 532 ಕಿಲೋ! ಎದೆ ಝಲ್ ಅಂದಿತು ನನಗೆ. ನಾವು ಪೈಪಿನೊಳಗಿನ ಒಂದೊಂದು ಕಿಲೋಗೆ ಇಡೀ ರಾತ್ರಿ ಕಣ್ಣು ಬಿಟ್ಟು ಕಾಯುತ್ತಿದ್ದೆವು. ಅಲ್ಲಿ ಹಗಲಲ್ಲಿ, ಕಾಗದಪತ್ರದ ಸಮೇತ, ಗೇಟಿನಿಂದಲೇ ಬಂದಿತ್ತು. ಹಿಡಿದಿದ್ದು ಮನುಷ್ಯರು, ಕೈಯಿಂದ ಮುಟ್ಟಿ, ಬಿಚ್ಚಿ ನೋಡಿ.

ಎರಡು ವರ್ಷ ಆದ ಮೇಲೆ, 2021ರ ಸೆಪ್ಟೆಂಬರಿನಲ್ಲಿ, ಗುಜರಾತಿನ ಮುಂದ್ರಾ ಬಂದರಿನ ಸುದ್ದಿ ಬಂತು. ಅಫ್ಘಾನಿಸ್ತಾನದ ಟಾಲ್ಕ್ ಕಲ್ಲು, ಮುಖದ ಪೌಡರ್ ಮಾಡುತ್ತಾರಲ್ಲ ಅದು, ಅಂತ ಕಾಗದ. ಇರಾನಿನ ಬಂದರ್ ಅಬ್ಬಾಸ್‌ನಿಂದ ಹಡಗಿನಲ್ಲಿ ಬಂದ ಎರಡು ಕಂಟೇನರ್. ಒಳಗೆ ಸುಮಾರು 3 ಸಾವಿರ ಕಿಲೋ ಹೆರಾಯಿನ್. ಕಳ್ಳಸಾಗಣೆ ಪತ್ತೆ ಮಾಡುವ ಕೇಂದ್ರದ ಡಿಆರ್‌ಐ ಅಧಿಕಾರಿಗಳು ಹಿಡಿದರು. ನಾನು ಅವತ್ತು ಲೆಕ್ಕ ಹಾಕಿದೆ. ಅರ್ಧ ಅರ್ಧ ಕಿಲೋದಂತೆ ಡ್ರೋನ್‌ನಲ್ಲಿ ಅಷ್ಟು ತರಬೇಕಾದರೆ 6 ಸಾವಿರ ಸಲ ಹಾರಬೇಕು.

ಅದಕ್ಕೇ ಹೇಳುತ್ತೇನೆ, ಬೇಲಿಗೆ ಹಾಕುವ ಅಕ್ಕರೆಯಲ್ಲಿ ಅರ್ಧವನ್ನಾದರೂ ಗೇಟಿಗೂ ಬಂದರಿಗೂ ಹಾಕಲಿ. ಒಳ್ಳೆಯ ಸ್ಕ್ಯಾನರ್, ಅದನ್ನು ಓದಲು ಬರುವ ಜನ, ಬೇಗ ವರದಿ ಕೊಡುವ ಪ್ರಯೋಗಾಲಯ. ಬೇಲಿಯ ಫೋಟೋ ಚೆನ್ನಾಗಿ ಬರುತ್ತದೆ. ಮೂಟೆ ಬಿಚ್ಚುವವನ ಫೋಟೋ ಯಾರೂ ತೆಗೆಯುವುದಿಲ್ಲ.

ಇನ್ನೊಂದು ಮಾತು. ಇದನ್ನು ಇಷ್ಟು ವರ್ಷ ಯಾರ ಹತ್ತಿರವೂ ಹೇಳಿರಲಿಲ್ಲ.

ಬೇಲಿಯ ಆಚೆಗೂ ನಮ್ಮ ರೈತರ ಹೊಲ ಇದೆ, ಗೊತ್ತಾ? ಬೇಲಿ ಗಡಿಯ ಗೆರೆಯ ಮೇಲೇ ಇಲ್ಲ, ಒಳಗೆ ಇದೆ. ಬೆಳಿಗ್ಗೆ ಬೇಲಿಯ ಗೇಟು ತೆಗೆದಾಗ ಗುರುತಿನ ಚೀಟಿ ತೋರಿಸಿ, ಮೈ ತಪಾಸಣೆ ಮಾಡಿಸಿಕೊಂಡು ಹೋಗಬೇಕು. ಸಂಜೆ ಗೇಟು ಮುಚ್ಚುವುದರೊಳಗೆ ವಾಪಸ್. ಕಬ್ಬಿನಂಥ ಎತ್ತರದ ಬೆಳೆ ಹಾಕುವ ಹಾಗಿಲ್ಲ, ಮರೆಯಾಗುತ್ತದೆ ಅಂತ. ನಮ್ಮ ಗೇಟಿನಿಂದ ಒಬ್ಬ ಮುದುಕ ದಿನಾ ಟ್ರ್ಯಾಕ್ಟರ್ ತರುತ್ತಿದ್ದ. ಅವನ ಟೂಲ್ ಬಾಕ್ಸು, ಟೈರು, ಸೀಟಿನ ಕೆಳಗೆ ನಾನೇ ತಪಾಸಣೆ ಮಾಡುತ್ತಿದ್ದೆ. ಒಂದು ದಿನವೂ ಮುಖ ಗಂಟು ಹಾಕಲಿಲ್ಲ. ಹೊಲದಿಂದ ಬರುವಾಗ ನಮಗೆ ಮೂಲಂಗಿ ಕೊಟ್ಟು ಹೋಗುತ್ತಿದ್ದ. ನಾನು 'ಬಾಪೂಜಿ' ಅನ್ನುತ್ತಿದ್ದೆ, ಅವನು 'ಪುತ್ತರ್' ಅನ್ನುತ್ತಿದ್ದ, ಅಂದರೆ ಮಗನೇ.

ಒಂದು ವಾರ ಬರಲಿಲ್ಲ. ಬಂದಾಗ ತಲೆಗೆ ಬಿಳಿ ಪಗಡಿ. ಕಿರಿಯ ಮಗ ತೀರಿಕೊಂಡಿದ್ದ, ಚಿಟ್ಟಾದಿಂದ. ನಾನು ಅವತ್ತೂ ಟೂಲ್ ಬಾಕ್ಸ್ ತೆಗೆಸಿದೆ, ನಿಯಮ. ಅವನೇ ಮುಚ್ಚಳ ಎತ್ತಿ ಹಿಡಿದ. ಆಮೇಲೆ ಮೆಲ್ಲಗೆ ಕೇಳಿದ: "ಪುತ್ತರ್, ನನ್ನ ಡಬ್ಬಿಯನ್ನು ದಿನಾ ನೋಡಿದಿರಿ. ನನ್ನ ಮಗನನ್ನು ಯಾರು ನೋಡಿದರು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಹೊತ್ತಿಗಾಗಲೇ ಪಂಜಾಬ್ ಸರ್ಕಾರ ಚಿಕಿತ್ಸಾ ಕೇಂದ್ರಗಳನ್ನು ತೆರೆದಿತ್ತು. ಚಟ ಬಿಡಿಸಲು ನಾಲಿಗೆಯ ಕೆಳಗಿಡುವ ಮಾತ್ರೆ ಕೊಡುತ್ತಿದ್ದರು, ಹುಡುಗರು ಬೆಳಿಗ್ಗೆಯೇ ಸಾಲು ನಿಲ್ಲುತ್ತಿದ್ದರು. ಆ ಸಾಲಿನಲ್ಲಿ ಅವನ ಮಗ ಇರಲಿಲ್ಲ. 2019ರಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯವರು ಮಾದಕ ವಸ್ತು ಬಳಕೆಯ ಬಗ್ಗೆ ದೇಶದ ಸಮೀಕ್ಷೆ ಕೊಟ್ಟರು. ಅಫೀಮಿನ ಜಾತಿಯ ವಸ್ತು ಬಳಸುವವರೇ 2 ಕೋಟಿಗೂ ಜಾಸ್ತಿ. ಇವರಿಗಾಗಿ ಇರುವ ಕೇಂದ್ರದ ಯೋಜನೆಗೆ ವರ್ಷಕ್ಕೆ ಸಿಗುವುದು 300 ಕೋಟಿ ಚಿಲ್ಲರೆ. ರಾಜ್ಯಗಳು ಹಾಕುವುದು ಬೇರೆ ಇರಬಹುದು. ಆದರೂ ಆ 28 ಸಾವಿರ ಕೋಟಿಯ ಪಕ್ಕದಲ್ಲಿ ಇಟ್ಟು ನೋಡು. ನಮ್ಮಿಂದ ಕಿತ್ತು ಅವರಿಗೆ ಕೊಡಿ ಅನ್ನುವುದಿಲ್ಲ ನಾನು. ನಾಕಾದಲ್ಲಿ ಕೂತ ಹುಡುಗನಿಗೆ ಚಳಿಗೆ ಒಳ್ಳೆಯ ಕೋಟು ಬೇಕು. ಊರಿನಲ್ಲಿ ಬಿದ್ದ ಹುಡುಗನಿಗೆ ಹತ್ತಿರದಲ್ಲಿ ಒಂದು ಹಾಸಿಗೆ ಬೇಕು. ಎರಡೂ ಗಡಿ ಕಾಯುವ ಖರ್ಚೇ ಅಂತ ನನಗೆ ಅನ್ನಿಸುತ್ತದೆ.

ಈಗ ನಿನ್ನ ಹುಡುಗನ ವಿಷಯ. ಕಾಲೇಜಿನಿಂದ ಹೆಸರು ತೆಗೆಯುವ ಮಾತು ನಡೆದಿದೆ ಅಂತ ಬರೆದಿದ್ದೀಯ. ನೀನು ಬಿಡಬೇಡ. ಹೆಸರು ತೆಗೆದರೆ ಅವನನ್ನು ನೋಡುವ ಕಣ್ಣು ಇನ್ನೊಂದು ಕಡಿಮೆಯಾಗುತ್ತದೆ. 14446 ಅಂತ ಸಹಾಯವಾಣಿ ಇದೆ, ದುಡ್ಡು ಬೀಳುವುದಿಲ್ಲ, ಮೊದಲು ನೀನೇ ಮಾತಾಡು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಚಟ ಬಿಡಿಸುವುದಕ್ಕೇ ಒಂದು ವಿಭಾಗ ಇದೆ. ಅವನ ಅಪ್ಪನಿಗೆ ಬೆಂಗಳೂರು ಹೊಸದು ಅಂದಿದ್ದೀಯಲ್ಲ, ನಾನು ಜೊತೆಗೆ ಬರುತ್ತೇನೆ. ರಾಶಿ ಮುಗಿದಿದೆ, ಮನೆಯಲ್ಲಿ ಸುಮ್ನೆ ಕೂತಿದ್ದೇನೆ. ಯಾವ ದಿನ ಅಂತ ಫೋನ್ ಮಾಡು, ರಾತ್ರಿ ಬಸ್ಸಿಗೆ ಹೊರಡೋಣ.

ನಿನ್ನ ಗೆಳೆಯ